ಹಳೆಯ ಸಾಲಿನ ಉದ್ದನೆಯ ದಿಬ್ಬ

ರವೀಂದ್ರನಗರ, ಶಿವಮೊಗ್ಗ
೭ ಆಗಸ್ಟ್ ೨೦೨೩

ಶ್ರೀಮತಿ ಶೇಷಮ್ಮನವರಿಗೆ,

ನಮಸ್ಕಾರಗಳು. ನಾನು ಪ್ರಿಯದರ್ಶಿನಿ. ಭದ್ರಾವತಿಯಲ್ಲಿರುವ ನಮ್ಮ ಸಮಾಜದ ರುದ್ರಭೂಮಿಯ ಸಮಿತಿಗೆ ಗೌರವಾಧ್ಯಕ್ಷರಾಗಿರುವ ಷಡಕ್ಷರಪ್ಪನವರ ಮೊಮ್ಮಗಳು, ಮಲ್ಲಿಕ್ ಅವರ ಮಗಳು. ಈ ವರ್ಷ ಇತಿಹಾಸದ ಎಂ.ಎ.ಯಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲಿಗಳಾಗಿ ಚಿನ್ನದ ಪದಕ ಪಡೆದಿದ್ದೇನೆ. ರುದ್ರಭೂಮಿಗೆ ಎಪ್ಪತ್ತೈದು ವರ್ಷ ತುಂಬುವ ಸಂದರ್ಭದಲ್ಲಿ ಅದರ ಇತಿಹಾಸವನ್ನು ಬರೆದುಕೊಡಬೇಕೆಂದು ಸಮಿತಿಯವರು ನನ್ನನ್ನು ಕೇಳಿದ್ದಾರೆ.

ಸಮಿತಿಯ ದಾಖಲೆ ಪುಸ್ತಕಗಳಲ್ಲಿ ೧೯೭೧ರಿಂದ ೧೯೭೯ರವರೆಗಿನದನ್ನು ಗೆದ್ದಲು ತಿಂದಿದೆ. ಆ ವರ್ಷಗಳಲ್ಲಿ ಅಲ್ಲಿ ಗುಂಡಿ ತೋಡುತ್ತಿದ್ದವರು ನಿಮ್ಮ ಪತಿ, ದಿವಂಗತ ರಾಮಯ್ಯನವರು. ಈಗ ಅದೇ ಕೆಲಸದಲ್ಲಿರುವ ನಿಮ್ಮ ಮಗ ಹಾಲೇಶ್ ಅವರಿಗೆ ಫೋನ್ ಮಾಡಿದೆ. “ನಂಗೇನ್ ಗೊತ್ತು ಮೇಡಂ, ನಾನಾಗ ಹುಟ್ಟೇ ಇರ್ಲಿಲ್ಲ. ಅಮ್ಮಂಗೆ ಎಲ್ಲಾ ನೆನಪಿದೆ. ಆದ್ರೆ ಕಿವಿ ಪೂರ್ತಿ ಹೋಗಿದೆ, ಫೋನಲ್ಲಿ ಮಾತಾಡಿದ್ರೆ ಗೋಡೆಗೆ ಮಾತಾಡ್ದಂಗೆ. ಕಾಗ್ದ ಬರೀರಿ, ದಿನಾ ಪೇಪರ್ ಪೂರ್ತಿ ಓದ್ತಾಳೆ” ಎಂದರು. ಆದ್ದರಿಂದ ಈ ಪತ್ರ.

ಸಮಿತಿ ನನಗೆ ಇನ್ನೊಂದು ಹೊಣೆಯನ್ನೂ ವಹಿಸಿದೆ. ರುದ್ರಭೂಮಿಯಲ್ಲಿ ಜಾಗ ಸಾಲದಾಗಿದೆ. ಹಳೆಯ ಸಾಲಿನಲ್ಲಿ ಹೆಸರಿಲ್ಲದ ಸಮಾಧಿಗಳ ಪಟ್ಟಿ ಮಾಡಬೇಕು. ನವೆಂಬರ್ ೩೦ರೊಳಗೆ ವಾರಸುದಾರರು ಬಂದು ಸಹಿ ಹಾಕದಿದ್ದರೆ ಅವನ್ನು ಅಗೆದು ಹೊಸಬರಿಗೆ ಕೊಡಲಾಗುತ್ತದೆ. ಖಾಲಿ ಎಂದು ನಾನು ಬರೆದ ಜಾಗವನ್ನಾದರೆ ಕಾಯದೆ ಕೂಡಲೇ ಕೊಡಬಹುದು.

ನಕ್ಷೆಯನ್ನು ಲಗತ್ತಿಸಿದ್ದೇನೆ. ಹದಿನಾಲ್ಕರಿಂದ ಹತ್ತೊಂಬತ್ತರವರೆಗಿನ ಕಲ್ಲುಗಳ ಮೇಲೆ ಹೆಸರಿಲ್ಲ. ಎಲ್ಲವೂ ಚೌಕವಾಗಿವೆ, ಹದಿನೇಳು ಮಾತ್ರ ಉದ್ದನೆಯ ಮಣ್ಣಿನ ದಿಬ್ಬ. ಅದು ಏನೆಂಬುದನ್ನು ದಯವಿಟ್ಟು ತಿಳಿಸಬೇಕು.

ಇತಿ,
ಪ್ರಿಯದರ್ಶಿನಿ ಎಂ., ಎಂ.ಎ.


ಭದ್ರಾವತಿ
೧೬ ಆಗಸ್ಟ್ ೨೦೨೩

ಪ್ರಿಯದರ್ಶಿನಿ ಮೇಡಂ ಅವರಿಗೆ ಶೇಷಮ್ಮ ಮಾಡುವ ನಮಸ್ಕಾರ.

ನಾನು ಏಳನೆಯ ತರಗತಿಯವರೆಗೆ ಓದಿದವಳು. ಬರೆಯುವಾಗ ಪುಸ್ತಕದ ಭಾಷೆಯನ್ನೇ ಬರೆಯಬೇಕೆಂದು ನಮ್ಮ ಮೇಷ್ಟ್ರು ಕೈಗೆ ಹೊಡೆದು ಕಲಿಸಿದ್ದರು. ತಪ್ಪಿದ್ದರೆ ತಿದ್ದಿಕೊಳ್ಳಿ.

ನಾವು ನಿಮ್ಮ ಸಮಾಜದವರಲ್ಲ. ನಮ್ಮಲ್ಲಿ ಸುಡುತ್ತಾರೆ. ಆದರೂ ಮದುವೆಯಾಗಿ ಬಂದ ವರ್ಷದಿಂದ ನಿಮ್ಮವರನ್ನು ಮಣ್ಣು ಮಾಡುವುದನ್ನು ಬೇಲಿಯಾಚೆ ನಿಂತು ನೋಡಿದ್ದೇನೆ. ಗುಂಡಿ ತೋಡುತ್ತಿದ್ದ ನಮ್ಮವರು ಎಂದೂ ಸತ್ತವರ ಉದ್ದ ಕೇಳಿದವರಲ್ಲ. “ಕೂತ್ರೆ ಎಷ್ಟೆತ್ತರ ಬರ್ತಾರೆ?” ಎಂದು ಕೇಳಿ, ತಮ್ಮ ಎದೆಯ ಮೇಲೆ ಕೈಯಿಟ್ಟು ಗುರುತು ಮಾಡಿಕೊಂಡು ಗುಂಡಿಗೆ ಇಳಿಯುತ್ತಿದ್ದರು. ಕೆಳಗೆ ಒಂದು ಪಕ್ಕಕ್ಕೆ ಗೂಡು ಕೊರೆಯಬೇಕು. ಅದರೊಳಗೆ ಪದ್ಮಾಸನದಲ್ಲಿ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ಉಪ್ಪು, ವಿಭೂತಿ, ಬಿಲ್ವಪತ್ರೆ ತುಂಬುತ್ತಾರೆ. ಒಂದು ಗೂಡಿಗೆ ಅರ್ಧ ದಿನದ ಕೆಲಸ. ಸಿಮೆಂಟ್ ಚಪ್ಪಡಿ ಬಂದ ಮೇಲೆ ಹಾಲೇಶ ಅಷ್ಟು ಕಷ್ಟ ಪಡುವುದಿಲ್ಲ.

ನೀವು ಕೇಳಿದ ಹೆಸರುಗಳು. ಹದಿನಾಲ್ಕು, ಹೊಸಮನೆಯ ಎಣ್ಣೆ ಗಾಣದ ಯಜಮಾನರು. ಹದಿನೈದು, ಅವರ ಹೆಂಡತಿ. ಹದಿನಾರು, ಕಾರ್ಖಾನೆಯ ಟೈಂ ಕೀಪರ್ ಒಬ್ಬರು. ಅವರ ಮಕ್ಕಳು ಆಯನೂರಿನಲ್ಲಿದ್ದಾರೆ, ಕೇಳಿದರೆ ಬಂದು ಸಹಿ ಹಾಕುತ್ತಾರೆ. ಹದಿನೆಂಟು, ಹೊಳಲೂರಿನಿಂದ ತಂದ ಮುದುಕಿ, ಪುಷ್ಪಮ್ಮ. ಹತ್ತೊಂಬತ್ತು, ಬಸ್ಸಿಗೆ ಸಿಕ್ಕಿದ ಒಬ್ಬ ಉಪಾಧ್ಯಾಯರು.

ನಿಮ್ಮ ಅಕ್ಷರ ತುಂಬಾ ಚೆನ್ನಾಗಿದೆ. ನಿಮ್ಮ ತಂದೆಯವರಿಗೆ ಈಗ ಐವತ್ಮೂರು ವರ್ಷ ಇರಬೇಕು. ಆರೋಗ್ಯವಾಗಿದ್ದಾರೆಯೇ? ಅವರಿಗೆ ನಿದ್ದೆ ಚೆನ್ನಾಗಿ ಬರುತ್ತದೆಯೇ?

ಶೇಷಮ್ಮ


ರವೀಂದ್ರನಗರ, ಶಿವಮೊಗ್ಗ
೨೪ ಆಗಸ್ಟ್ ೨೦೨೩

ಶ್ರೀಮತಿ ಶೇಷಮ್ಮನವರಿಗೆ,

ನಿಮ್ಮ ಪತ್ರ ಬಹಳ ಉಪಯುಕ್ತವಾಯಿತು. ಗೂಡು ಕೊರೆಯುವ ಕ್ರಮವನ್ನು ಇಷ್ಟು ಸ್ಪಷ್ಟವಾಗಿ ಯಾವ ಮುದ್ರಿತ ಪುಸ್ತಕದಲ್ಲೂ ನಾನು ಓದಿರಲಿಲ್ಲ. ನನ್ನ ತಂದೆಗೆ ಐವತ್ಮೂರೇ. ಯಾರಿಂದಲೋ ಕೇಳಿರಬೇಕು ನೀವು. ಅವರು ಆರೋಗ್ಯವಾಗಿದ್ದಾರೆ.

ಆದರೆ ಹದಿನೇಳನ್ನು ಬಿಟ್ಟಿದ್ದೀರಿ. ಹದಿನಾರರಿಂದ ನೇರವಾಗಿ ಹದಿನೆಂಟಕ್ಕೆ ಹೋಗಿದ್ದೀರಿ. ನೆನಪು ತಪ್ಪಿರಬಹುದು, ತಪ್ಪೇನಿಲ್ಲ. ನಾನೇ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ನಮ್ಮವರಲ್ಲಿ ಮಲಗಿಸಿ ಹೂಳುವ ಪದ್ಧತಿಯೇ ಇಲ್ಲ. ಆದ್ದರಿಂದ ಆರಡಿ ಉದ್ದದ ದಿಬ್ಬ ಸಮಾಧಿಯಾಗಿರಲು ಸಾಧ್ಯವಿಲ್ಲ. ಅದು ಹಿಂದೆ ವಿಮಾನವನ್ನು, ಎಂದರೆ ಶವವನ್ನು ಕೂರಿಸಿ ತರುವ ಪಲ್ಲಕ್ಕಿಯನ್ನು, ಇಳಿಸಿ ವಿಶ್ರಮಿಸುತ್ತಿದ್ದ ಕಟ್ಟೆಯಿರಬೇಕು.

ಇದನ್ನು ತಾತನವರಿಗೂ ಹೇಳಿದೆ. ಊಟದ ನಡುವೆ ಇದ್ದರು. “ಸತ್ತೋರ ಜಾಗ ಅಳೆಯೋಕೂ ಚಿನ್ನದ ಪದಕ ಬೇಕಾ ಮಾರಾಯ್ತಿ?” ಎಂದು ಮೊದಲು ನಕ್ಕರು. ಹದಿನೇಳು ಎಂದಾಗ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟರು.

“ಅದರ ವಿಷ್ಯ ಯಾರು ಹೇಳಿದ್ರು ನಿಂಗೆ?”

“ಯಾರೂ ಹೇಳಿಲ್ಲ ತಾತ. ನಕ್ಷೆಯಲ್ಲಿದೆ.”

“ಅಲ್ಲೇನೂ ಇಲ್ಲ. ಖಾಲಿ ಜಾಗ. ಖಾಲಿ ಅಂತ ಬರಿ.”

ಎಂಬತ್ತೈದರ ವಯಸ್ಸಿನಲ್ಲಿ ಅವರ ಸ್ಮರಣೆ ಅಷ್ಟು ಸ್ಥಿರವಾಗಿಲ್ಲ. ಆ ಮೇಲೆ ಎರಡು ಬಾರಿ ಅದನ್ನೇ ಕೇಳಿದರು. ಆದರೂ ನನ್ನ ತರ್ಕ ಮತ್ತು ಅವರ ಮಾತು ಒಂದನ್ನೊಂದು ಸಮರ್ಥಿಸುತ್ತವೆ. ನಿಮ್ಮ ಅಭಿಪ್ರಾಯ ತಿಳಿಸಿದರೆ ವರದಿಯನ್ನು ಪೂರ್ಣಗೊಳಿಸುತ್ತೇನೆ.

ಇತಿ,
ಪ್ರಿಯದರ್ಶಿನಿ ಎಂ.


ಭದ್ರಾವತಿ
೨ ಸೆಪ್ಟೆಂಬರ್ ೨೦೨೩

ಪ್ರಿಯದರ್ಶಿನಿ ಮೇಡಂ ಅವರಿಗೆ,

ನನ್ನ ನೆನಪು ತಪ್ಪಿಲ್ಲ. ಅದು ಕಟ್ಟೆಯಲ್ಲ. ಅಲ್ಲಿ ಒಬ್ಬರಿದ್ದಾರೆ. ಖಾಲಿ ಎಂದು ಬರೆಯಬೇಡಿ.

ಹೆಸರನ್ನು ಕಾಗದದಲ್ಲಿ ಬರೆಯಲು ಕೈ ಬರುತ್ತಿಲ್ಲ. ನೀವು ಒಮ್ಮೆ ನಮ್ಮ ಮನೆಗೆ ಬನ್ನಿ. ಬರಲು ಆಗದಿದ್ದರೆ ಆ ಸಾಲನ್ನಾದರೂ ಪಟ್ಟಿಯಿಂದ ಬಿಡಿ.

ಒಂದು ಮಾತು ಬರೆಯುತ್ತೇನೆ. ಪ್ರತಿ ವರ್ಷ ಮೊದಲ ಮಳೆ ಕಳೆದ ಮೇಲೆ ಆ ದಿಬ್ಬದ ತಲೆಯ ಕಡೆ ಮಣ್ಣು ಕುಸಿಯುತ್ತದೆ. ಕಾಲಿನ ಕಡೆ ಕುಸಿಯುವುದಿಲ್ಲ. ಅಕ್ಕಪಕ್ಕದ ಯಾವುದೂ ಕುಸಿಯುವುದಿಲ್ಲ. ನಮ್ಮವರು ಹೋಗುವವರೆಗೂ ಪ್ರತಿ ವರ್ಷ ಎರಡು ಬುಟ್ಟಿ ಮಣ್ಣು ಹಾಕಿ ಮಟ್ಟ ಮಾಡುತ್ತಿದ್ದರು. ಈಗ ಹಾಲೇಶ ಹಾಕುತ್ತಾನೆ. ಒಮ್ಮೆ ಅವರನ್ನು ಕೇಳಿದ್ದೆ, ಯಾಕೆ ಹೀಗೆ ಎಂದು. “ಎದ್ದು ಕೂರೋಕೆ ನೋಡ್ತವ್ರೆ ಕಣೇ” ಎಂದಿದ್ದರು. ಅವರು ದೆವ್ವ ಭೂತ ನಂಬುವವರಾಗಿರಲಿಲ್ಲ. ರುದ್ರಭೂಮಿಯಲ್ಲೇ ಮಧ್ಯಾಹ್ನದ ಊಟ ಮಾಡಿ ನಿದ್ದೆ ತೆಗೆಯುವ ಮನುಷ್ಯ.

ಶೇಷಮ್ಮ


ರವೀಂದ್ರನಗರ, ಶಿವಮೊಗ್ಗ
೨೦ ಸೆಪ್ಟೆಂಬರ್ ೨೦೨೩

ಶ್ರೀಮತಿ ಶೇಷಮ್ಮನವರಿಗೆ,

ಉತ್ತರ ತಡವಾದುದಕ್ಕೆ ಕ್ಷಮಿಸಿ. ನನ್ನ ವರದಿಯನ್ನು ೧೫ರಂದು ಸಮಿತಿಗೆ ಒಪ್ಪಿಸಿದೆ. ಹದಿನೇಳನ್ನು “ಖಾಲಿ” ಎಂದೇ ದಾಖಲಿಸಿದ್ದೇನೆ.

ನಿಮ್ಮ ಭಾವನೆಯನ್ನು ಗೌರವಿಸುತ್ತೇನೆ. ಆದರೆ ಇತಿಹಾಸವು ಹೆಸರಿಲ್ಲದ ಸಾಕ್ಷ್ಯವನ್ನು ಒಪ್ಪುವುದಿಲ್ಲ. ಮಣ್ಣು ಕುಸಿಯಲು ಇಲಿಯ ಬಿಲ, ಮರದ ಬೇರು, ನೀರಿನ ಹರಿವು ಹೀಗೆ ಹಲವು ಕಾರಣಗಳಿರಬಹುದು. ಒಂದು ದಿಬ್ಬದ ಬಗ್ಗೆ ಗುಂಡಿ ತೋಡುವವರು ಆಡಿದ ಮಾತನ್ನು ಅಡಿಟಿಪ್ಪಣಿಯಲ್ಲಿ ಕೊಡಬಹುದೇ ಹೊರತು ಅದರ ಮೇಲೆ ತೀರ್ಮಾನ ಕಟ್ಟಲಾಗದು.

ಇಲ್ಲಿಗೆ ಪತ್ರ ಮುಗಿಸಬಹುದಿತ್ತು. ಆದರೆ ಅರ್ಧ ಹೇಳಿ ಅರ್ಧ ಬಿಡುವುದು ನನ್ನ ಸ್ವಭಾವವಲ್ಲ. ಮೊನ್ನೆ ಸೋಮವಾರ ಒಬ್ಬಳೇ ಬಸ್ಸಿನಲ್ಲಿ ಭದ್ರಾವತಿಗೆ ಬಂದಿದ್ದೆ. ನಿಮ್ಮ ಮನೆಗೆ ಬರಲಿಲ್ಲ. ನನ್ನ ವರದಿ ಸರಿಯೆಂದು ನನಗೇ ತೋರಿಸಿಕೊಳ್ಳಬೇಕಿತ್ತು. ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ಗೇಟಿನಲ್ಲಿ ಯಾರೂ ಇರಲಿಲ್ಲ. ದಿಬ್ಬವನ್ನು ಅಳೆದೆ: ಐದು ಅಡಿ ಹತ್ತು ಅಂಗುಲ ಉದ್ದ, ಎರಡು ಅಡಿ ಅಗಲ. ಪಲ್ಲಕ್ಕಿ ಇಳಿಸುವ ಕಟ್ಟೆಗೆ ಎರಡು ಅಡಿ ಅಗಲ ಸಾಲದು ಎಂದು ಅಲ್ಲಿಯೇ ಹೊಳೆಯಿತು. ಟೇಪಿನ ತುದಿಯನ್ನು ಒತ್ತಿ ಹಿಡಿಯಲು ಮೇಲ್ತುದಿಯಲ್ಲಿ ಕೈಯಿಟ್ಟಾಗ ಮಣ್ಣು ಸರ್ರನೆ ಒಳಗೆ ಸರಿಯಿತು. ನನ್ನ ಕೈ ಮಣಿಕಟ್ಟಿನವರೆಗೆ ಹೋಯಿತು. ಒಳಗಿನ ಮಣ್ಣು ಬೆಚ್ಚಗಿತ್ತು. ಬಿಸಿಲಿಗೆ ಮಣ್ಣು ಬೆಚ್ಚಗಾಗುವುದು ಸಹಜ. ಆದರೆ ಅಷ್ಟು ಆಳದಲ್ಲಿ?

ಇದನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಲ್ಲ. ನಿಮಗೆ ಮಾತ್ರ ತಿಳಿಸುತ್ತಿದ್ದೇನೆ.

ನಿಮ್ಮಲ್ಲಿ ಹೆಸರಿದ್ದರೆ ಬರೆಯಿರಿ.

ಪ್ರಿಯದರ್ಶಿನಿ


ಭದ್ರಾವತಿ
೨೯ ಸೆಪ್ಟೆಂಬರ್ ೨೦೨೩

ಮಗಾ ಪ್ರಿಯದರ್ಶಿನಿ,

ಹೆಸರು ದಾಕ್ಷಾಯಣಮ್ಮ.

೧೯೭೪ರ ಬೇಸಿಗೆಯಲ್ಲಿ ನಮ್ಮ ಲೈನ್ ಮನೆಗಳ ಸಾಲಿನಲ್ಲಿ ಪಕ್ಕದ ಕೋಣೆಗೆ ಒಬ್ಬರೇ ಬಂದರು. ಒಂದು ಟ್ರಂಕು, ಒಂದು ಹೊಲಿಗೆ ಮೆಷಿನ್ನು. ಇಪ್ಪತ್ತೆಂಟು ವರ್ಷ. ಗಂಡನ ಮನೆ ಬಿಟ್ಟು ಬಂದವರೆಂದು ಲೈನಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾಕೆ ಬಿಟ್ಟರೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮಗುವನ್ನು ಕಳಿಸಿಕೊಡಲಿಲ್ಲ ಎಂಬುದೊಂದೇ ಅವರು ಹೇಳುತ್ತಿದ್ದುದು. ನಾಲ್ಕು ವರ್ಷದ ಹುಡುಗನ ಅಳತೆಗೆ ಅಂಗಿ ಹೊಲಿದು ಇಡುತ್ತಿದ್ದರು.

ಜೂನ್ ತಿಂಗಳಲ್ಲಿ ಕಾಮಾಲೆ ಬಂತು. ಹದಿನೈದು ದಿನವೂ ಇರಲಿಲ್ಲ. ಒಂದು ದಿನ ಬೆಳಿಗ್ಗೆ ಐದು ಗಂಟೆಗೆ ಜೀವ ಹೋಯಿತು. ನಾನು ಪಕ್ಕದಲ್ಲಿದ್ದೆ. ಮೊದಲ ಶಿಫ್ಟಿನ ಸೈರನ್ ಆಗುವ ಮೊದಲೇ ಹಿರಿಯಣ್ಣ ಎನ್ನುವ ಫಿಟ್ಟರ್ ಒಬ್ಬರು ಬಸ್ಸು ಹಿಡಿದು ಶಿವಮೊಗ್ಗಕ್ಕೆ, ಗಂಡನ ಮನೆಗೆ, ಸುದ್ದಿ ಒಯ್ದರು.

ನಿಮ್ಮವರಲ್ಲಿ ಜೀವ ಹೋದ ಒಂದೆರಡು ಗಂಟೆಯೊಳಗೆ ಕಾಲು ಮಡಚಿ, ಗೋಡೆಗೆ ಒರಗಿಸಿ ಕೂರಿಸಬೇಕು. ಇದು ನಮಗೆ ಗೊತ್ತಿತ್ತು. ರಾಮಯ್ಯನ ಹೆಂಡತಿಗೆ ಗೊತ್ತಿಲ್ಲದೆ ಇರುತ್ತದೆಯೇ? ನಾನು ಕಾಲು ಮಡಚಲು ಹೋದೆ. ಎದುರು ಮನೆಯ ತಮಿಳು ಅಜ್ಜಿ ನನ್ನ ಕೈ ಹಿಡಿದರು. “ತೊಡಾದೇ ಮ್ಮಾ, ಮುಟ್ಟಬೇಡ! ಅವರ ಜನ ಬಂದು ಅವರ ಕ್ರಮದಲ್ಲಿ ಮಾಡ್ತಾರೆ. ನೀ ಮುಟ್ಟಿದ್ರೆ ಆಮೇಲೆ ಒಳಗೇ ಸೇರಿಸಲ್ಲ ಅಂತಾರೆ.” ಎಲ್ಲರೂ ಹೌದು ಎಂದರು. ಅವರಿಗೆ ಒಳ್ಳೆಯದಾಗಲಿ ಎಂದೇ ನಾವು ಮುಟ್ಟಲಿಲ್ಲ. ಚಾಪೆಯ ಮೇಲೆ ಮಲಗಿಸಿ ಕಾದೆವು. ಹತ್ತು ಗಂಟೆಯ ಹೊತ್ತಿಗೆ ಕುತ್ತಿಗೆ ಗಟ್ಟಿಯಾಯಿತು. ಮಧ್ಯಾಹ್ನಕ್ಕೆ ಮಂಡಿ. ಗಂಡ ಬಂದಾಗ ಸಂಜೆ ನಾಲ್ಕೂವರೆ.

ಕ್ರಿಯೆ ಮಾಡಿಸಲು ಜೊತೆಗೆ ಬಂದ ಅಯ್ಯನವರು, “ಮಂಡಿ ಮುರಿದಾದ್ರೂ ಕೂರಿಸ್ಬೇಕು, ಇಲ್ದಿದ್ರೆ ಸದ್ಗತಿ ಇಲ್ಲ” ಎಂದರು. ನಮ್ಮವರು ಆ ಹೊತ್ತಿಗೆ ಚೌಕ ಗುಂಡಿ ತೋಡಿ ಬಂದಿದ್ದರು. “ಸ್ವಾಮಿ, ನಾನು ಗುಂಡಿ ತೋಡೋನು. ಮೂಳೆ ಮುರಿಯೋನಲ್ಲ. ನಿಮ್ಮ ಕೈಲಾದ್ರೆ ನೀವೇ ಮುರೀರಿ” ಎಂದರು. ಅಯ್ಯನವರು ಹೊರಟುಹೋದರು. ನಮ್ಮವರು ವಾಪಸ್ ಹೋಗಿ ಅದೇ ಗುಂಡಿಯನ್ನು ಉದ್ದ ಮಾಡಿದರು. ಲಿಂಗ ಇಡಲು ಎಡಗೈ ಬಿಚ್ಚಲಿಲ್ಲ. ಎದೆಯ ಮೇಲೆ ಇಟ್ಟರು. ಸೂರ್ಯ ಮುಳುಗುವ ಮೊದಲು ಮುಗಿಯಿತು. “ರಿಜಿಸ್ಟರಲ್ಲಿ ಬರೆಯೋದು ಬೇಡ” ಎಂದು ಗಂಡ ಹೇಳಿದರು. ಅವರು ಆಗ ಸಮಿತಿಯ ಸದಸ್ಯರು.

ಅವರ ಹೆಸರನ್ನು ನಾನು ಬರೆಯುವ ಅಗತ್ಯವಿಲ್ಲ. ನಿನ್ನ ಮೊದಲ ಕಾಗದದಲ್ಲಿ, ನಿನ್ನ ಹೆಸರಿನ ಪಕ್ಕದಲ್ಲೇ ನೀನು ಬರೆದಿದ್ದೀಯ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಶೇಷಮ್ಮ


ಭದ್ರಾವತಿ
೨೦ ಅಕ್ಟೋಬರ್ ೨೦೨೩

ಮಗಾ,

ನನ್ನ ಕಾಗದ ತಲುಪಿತೇ? ಮೂರು ವಾರವಾಯಿತು.

ನಿನ್ನೆ ಹದಿನೇಳರ ಮೇಲೆ ಸುಣ್ಣದ ಗೆರೆ ಎಳೆದಿದ್ದಾರೆ. ಚೌಕದ ಗೆರೆ, ಸರಿಯಾಗಿ ದಿಬ್ಬದ ನಡುವೆ. “ಯಾರೋ ದೊಡ್ಡೋರಿಗೆ ಬುಕ್ ಆಗಿದ್ಯಂತಮ್ಮ. ಯಾರಂತ ಹೇಳ್ತಿಲ್ಲ” ಎಂದು ಹಾಲೇಶ ಒಂದು ಚೀಟಿಯಲ್ಲಿ ಬರೆದು ತೋರಿಸಿದ.

ಕೋಪವಿದ್ದರೆ ಕೋಪವನ್ನೇ ಬರೆ.

ಶೇಷಮ್ಮ


ರವೀಂದ್ರನಗರ, ಶಿವಮೊಗ್ಗ
೨೭ ಅಕ್ಟೋಬರ್ ೨೦೨೩

ಶೇಷಮ್ಮನವರೇ,

ಕಾಗದ ಅಕ್ಟೋಬರ್ ಮೂರಕ್ಕೇ ತಲುಪಿತು. ಉತ್ತರ ಬರೆಯಲು ಐದು ಬಾರಿ ಕುಳಿತೆ. ಮೊದಲ ಎರಡರಲ್ಲಿ ನೀವು ಸುಳ್ಳು ಹೇಳುತ್ತಿದ್ದೀರಿ ಎಂದು ಬರೆದಿದ್ದೆ. ಹರಿದು ಹಾಕಿದೆ.

ಅಜ್ಜಿ ತಮ್ಮ ತವರಾದ ಹೊಳಲೂರಿನಲ್ಲಿ ತೀರಿಕೊಂಡರು, ಅಲ್ಲಿಯೇ ಅವರ ಸ್ವಂತ ಜಮೀನಿನಲ್ಲಿ ಮಣ್ಣಾದರು ಎಂದು ನಮಗೆ ಹೇಳಲಾಗಿತ್ತು. ಅಲ್ಲಿ ಈಗ ನಮ್ಮವರು ಯಾರೂ ಇಲ್ಲ. ಅಪ್ಪ ಒಮ್ಮೆಯೂ ಹೋಗಿ ನೋಡಿಲ್ಲ. ಅವರಿಗೆ ಇಂದಿಗೂ ಏನೂ ತಿಳಿಯದು.

ತಾತನವರನ್ನು ಕಳೆದ ಭಾನುವಾರ ಕೇಳಿದೆ. ಪತ್ರವನ್ನು ತೋರಿಸಲಿಲ್ಲ, ಹೆಸರನ್ನು ಮಾತ್ರ ಹೇಳಿದೆ. ಬಹಳ ಹೊತ್ತು ಕನ್ನಡಕದ ಗಾಜನ್ನು ಪಂಚೆಯ ಅಂಚಿನಿಂದ ಒರೆಸುತ್ತಿದ್ದರು.

“ಸುದ್ದಿ ತಂದೋನು ಮನೆ ಹುಡುಕ್ಕೊಂಡು ಬರೋಷ್ಟ್ರಲ್ಲಿ ಬೆಳಿಗ್ಗೆ ಹತ್ತಾಗಿತ್ತು. ಅವತ್ತೇ ರುದ್ರಭೂಮಿ ಕಾಂಪೌಂಡಿನ ಮೀಟಿಂಗ್ ಇತ್ತು. ಹತ್ತೂರಿನ ಯಜಮಾನ್ರು ಬಂದಿದ್ರು. ನಡುವೆ ಎದ್ದು, ಬಿಟ್ಟೋದ ಹೆಂಡ್ತಿ ಸತ್ತಿದಾಳೆ ಅಂತ ಹೇಳ್ಲಾ?”

“ಆರು ಗಂಟೆ ತಡ ಮಾಡಿದ್ರಿ ತಾತ.”

“ಮೀಟಿಂಗ್ ಮುಗ್ಸಿ ಹೋದ್ರಾಯ್ತು ಅಂದ್ಕೊಂಡೆ. ಅಲ್ಲಿರೋರು ಕೂರ್ಸಿರ್ತಾರೆ ಅಂದ್ಕೊಂಡೆ.”

“ಅಲ್ಲಿರೋರು ನೀವು ಬರ್ತೀರ ಅಂತ ಕಾಯ್ತಿದ್ರು” ಎಂದೆ.

ಸುಣ್ಣದ ಗೆರೆ ತಾತನವರದೇ. ನನ್ನ ವರದಿ ಸಮಿತಿಗೆ ತಲುಪಿದ ಮರುದಿನವೇ ಕಾರ್ಯದರ್ಶಿ ಮನೋಹರ ಅವರಿಗೆ ಫೋನ್ ಮಾಡಿ, “ಹದಿನೇಳು ಖಾಲಿ ಇದ್ಯಂತಲ್ಲಾ, ಅದು ನನಗಿರ್ಲಿ” ಎಂದಿದ್ದಾರೆ. ಯಾಕೆಂದು ನಾನು ಕೇಳಿದ್ದಕ್ಕೆ, “ಬೇರೆ ಎಲ್ಲಿಗೆ ಹೋಗ್ಲಿ?” ಎಂದರು. ನನಗೆ ಅದರ ಅರ್ಥ ಸ್ಪಷ್ಟವಾಗಿದೆ. ಉಳಿದಿರುವ ಒಂದು ಗುರುತನ್ನೂ ತಮ್ಮ ದೇಹದಿಂದ ಮುಚ್ಚಿಬಿಡುವ ಉಪಾಯ ಅದು.

ಹದಿನೇಳು ನನ್ನ ಅಜ್ಜಿಯ ಸಮಾಧಿ, ನನ್ನ ವರದಿ ತಪ್ಪು ಎಂದು ಸಮಿತಿಗೆ ನಾಲ್ಕು ಸಾಲು ಬರೆದರೆ ಸಾಕು. ಪತ್ರವನ್ನು ಬರೆದು ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ. ನನ್ನ ಹೆಸರಿನ ಕೆಳಗೆ “ತಪ್ಪು” ಎಂಬ ಪದವನ್ನು ನಾನು ಇದುವರೆಗೆ ಎಂದೂ ಬರೆದಿಲ್ಲ. ತಾತನವರನ್ನು ಆ ವಯಸ್ಸಿನಲ್ಲಿ ಬೀದಿಗೆ ತಂದಂತಾಗುತ್ತದೆ. ಅಪ್ಪನಿಗೆ ಯಾವ ಮಾತಿನಲ್ಲಿ ಹೇಳುವುದು? ಇನ್ನೂ ಕಳಿಸಿಲ್ಲ.

ಪ್ರಿಯದರ್ಶಿನಿ


ಭದ್ರಾವತಿ
೪ ನವೆಂಬರ್ ೨೦೨೩

ಮಗಾ ಪ್ರಿಯದರ್ಶಿನಿ,

ನಿನ್ನ ತಾತ ಮುಚ್ಚಲು ಆ ಜಾಗ ಕೇಳಿದರೋ, ಹೆಂಡತಿಯ ಹತ್ತಿರ ಇರಲು ಕೇಳಿದರೋ, ನನಗೆ ತಿಳಿಯದು. ನಿನಗೂ ತಿಳಿಯದು. ಬೇಗ ತೀರ್ಮಾನ ಮಾಡಬೇಡ. ವರ್ಷಕ್ಕೊಮ್ಮೆ ಅವರು ರುದ್ರಭೂಮಿಗೆ ಬಂದು ಹೋಗುವುದನ್ನು ನಾನು ಬೇಲಿಯಾಚೆಯಿಂದ ನೋಡಿದ್ದೇನೆ. ಹಳೆಯ ಸಾಲಿನ ಕಡೆ ಬರುತ್ತಿರಲಿಲ್ಲ. ಗೇಟಿನ ಹತ್ತಿರ ಚಪ್ಪಲಿ ಬಿಟ್ಟು ನಿಂತು ಹೋಗುತ್ತಿದ್ದರು.

ಆದರೆ ಹಾಲೇಶನ ಗುದ್ದಲಿಗೆ ಅವರ ಮನಸ್ಸು ಗೊತ್ತಾಗುವುದಿಲ್ಲ. ಆ ಗೆರೆಯ ಮೇಲೆ ಚೌಕ ಗುಂಡಿ ತೋಡಿದರೆ ಅದು ದಾಕ್ಷಾಯಣಮ್ಮನವರ ಸೊಂಟದ ಮೇಲೆ ಬೀಳುತ್ತದೆ. ಅವತ್ತು ಮುರಿಯಲು ಬಿಡದ ಮೂಳೆಯನ್ನು ಇವತ್ತು ನಮ್ಮ ಮಗನೇ ಮುರಿಯಬೇಕಾಗುತ್ತದೆ.

ಖಾನೆಯಲ್ಲಿರುವ ಕಾಗದವನ್ನು ಕಳಿಸು. ತಪ್ಪೆಂದು ಬರೆದರೆ ಪದಕ ವಾಪಸ್ ಕೇಳುತ್ತಾರೆಯೇ?

ಶೇಷಮ್ಮ


ರವೀಂದ್ರನಗರ, ಶಿವಮೊಗ್ಗ
೨೧ ನವೆಂಬರ್ ೨೦೨೩

ಶೇಷಮ್ಮಜ್ಜಿಗೆ,

ತಾತ ೧೪ರ ಬೆಳಿಗ್ಗೆ ತೀರಿಕೊಂಡರು. ನಿಮಗೆ ಇದು ಗೊತ್ತಿದೆ. ಆ ದಿನ ಇಲ್ಲಿ ಏನಾಯಿತೆಂಬುದು ಗೊತ್ತಿರಲಾರದು.

ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಕಾಫಿ ತೆಗೆದುಕೊಂಡು ಹೋದಾಗ ಕೊನೆಯ ಉಸಿರು ಹೋಗುತ್ತಿತ್ತು. ಅಪ್ಪ ಬಂದು ಮಂಚದ ಅಂಚಿನಲ್ಲಿ ಕುಳಿತರು. ಅಮ್ಮ ಹಿರಿಯರಿಗೆಲ್ಲ ಫೋನ್ ಮಾಡುತ್ತಿದ್ದಳು. “ಬರ್ತಾರೆ, ಬಂದು ಕೂರಿಸ್ತಾರೆ, ನೀನು ಮುಟ್ಬೇಡ” ಎಂದಳು. ಅದೇ ಮಾತು, ಅಜ್ಜಿ. ಗೋಡೆಯ ಗಡಿಯಾರದಲ್ಲಿ ಏಳೂಕಾಲು. ನನಗೆ ತಡೆಯಲಾಗಲಿಲ್ಲ. ನಾನೇ ತಾತನ ಮಂಡಿಯ ಕೆಳಗೆ ಕೈಯಿಟ್ಟು ಮಡಚಿದೆ. ಇನ್ನೂ ಬಿಸಿಯಿತ್ತು. ಮಗುವಿನ ಕಾಲಿನಂತೆ ಮಡಚಿಕೊಂಡಿತು. ಗೋಡೆಗೆ ಒರಗಿಸಿ, ಸೊಂಟಕ್ಕೆ ಪಂಚೆ ಕಟ್ಟಿ, ಎಡಗೈಯಲ್ಲಿ ಲಿಂಗವಿಟ್ಟು ಬೆರಳು ಮುಚ್ಚಿದೆ. ಇಷ್ಟು ಸುಲಭದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಐದು ನಿಮಿಷ ಕೂಡ ಹಿಡಿಯಲಿಲ್ಲ. ಆ ಮೇಲೆ ಅಡುಗೆಮನೆಗೆ ಹೋಗಿ ಅತ್ತೆ. ಅತ್ತದ್ದು ತಾತನಿಗಾಗಿ ಅಲ್ಲ.

ಒಂಬತ್ತಕ್ಕೆ ಸಮಿತಿಯವರು ಬಂದರು. “ಜಾಗದ ಚಿಂತೆ ಬೇಡ ಮಲ್ಲಿಕಣ್ಣ. ಅವ್ರೇ ಕೇಳಿ ಇಟ್ಟಿದ್ರು, ಹಳೇ ಸಾಲು ಹದಿನೇಳು. ಹಾಲೇಶಂಗೆ ಶುರು ಮಾಡು ಅಂತ ಹೇಳ್ತೀನಿ” ಎಂದು ಮನೋಹರ ಅವರು ಫೋನ್ ತೆಗೆದರು.

ಪತ್ರ ಇನ್ನೂ ಖಾನೆಯಲ್ಲೇ ಇತ್ತು. ಒಂದು ವಾರ ನಿಮ್ಮ ಕಾಗದವನ್ನು ಓದುತ್ತಲೇ ಇದ್ದೆ, ಕಳಿಸಿರಲಿಲ್ಲ.

“ಹದಿನೇಳು ಖಾಲಿ ಇಲ್ಲ” ಎಂದೆ. ಹಾಲ್‌ನಲ್ಲಿ ನಲವತ್ತು ಜನ. ತಾತ ಎಲ್ಲರ ನಡುವೆ ಪೇಟ ಸುತ್ತಿಕೊಂಡು ಕುಳಿತಿದ್ದರು.

“ನೀವೇ ಬರ್ದಿದ್ದಲ್ವಾ ಮೇಡಂ? ಖಾಲಿ ಅಂತ?”

“ತಪ್ಪಾಗಿ ಬರೆದೆ.”

“ಗೋಲ್ಡ್ ಮೆಡಲಿಸ್ಟು!” ಎಂದು ಹಿಂದಿನಿಂದ ಯಾರೋ ಮೆಲ್ಲಗೆ ಹೇಳಿದರು.

ಅಪ್ಪ ತಲೆಯೆತ್ತಿದರು. “ಯಾರಿದಾರೆ ಅಲ್ಲಿ?”

“ನಿಮ್ಮ ಅಮ್ಮ.”

ನಾನು ಎಲ್ಲವನ್ನೂ ಹೇಳಿದೆ. ಕಾ‌ಮಾಲೆ, ಸೈರನ್, ಕಾದದ್ದು, ಮೀಟಿಂಗು, ಉದ್ದ ಮಾಡಿದ ಗುಂಡಿ. ಮುಗಿಯುವವರೆಗೆ ತಾತನ ಕಡೆ ನೋಡಲಿಲ್ಲ. ನೋಡಿದಾಗ, ಅವರು ಕೇಳಿಸಿಕೊಳ್ಳುತ್ತಿರುವಂತೆ ತಲೆ ಸ್ವಲ್ಪ ಮುಂದಕ್ಕೆ ಬಾಗಿತ್ತು. ಅಮ್ಮ ಎದ್ದು ಸರಿಪಡಿಸಿದಳು.

ಅಪ್ಪ ಮನೋಹರ ಅವರಿಂದ ಫೋನ್ ಇಸಿದುಕೊಂಡು, “ಹಾಲೇಶ್, ಹದಿನೇಳು ಮುಟ್ಬೇಡ. ಗೇಟಿನ ಹತ್ರ ಹೊಸ ಸಾಲಲ್ಲಿ ತೋಡು” ಎಂದಷ್ಟೇ ಹೇಳಿದರು. ಆ ಮೇಲೆ ನನ್ನೊಂದಿಗೆ ಈವರೆಗೂ ಮಾತನಾಡಿಲ್ಲ.

ನಮ್ಮ ಮನೆಯಲ್ಲಿ ಹೆಂಗಸರು ಮಣ್ಣು ಮಾಡುವ ದಿನ ರುದ್ರಭೂಮಿಗೆ ಹೋಗುವ ರೂಢಿಯಿಲ್ಲ. ಉಳಿದವರೆಲ್ಲ ಮೂರು ಗಂಟೆಗೆ ಮರಳಿದರು. ಅಪ್ಪ ಬಂದದ್ದು ಏಳೂವರೆಗೆ. ಎಲ್ಲಿದ್ದರು? ಏನು ಮಾಡಿದರು? ಇತಿಹಾಸಕ್ಕಾಗಿ ಕೇಳುತ್ತಿಲ್ಲ. ಅದನ್ನು ಬೇರೆಯವರಿಂದ ಬರೆಸುತ್ತೇವೆಂದು ಸಮಿತಿ ತಿಳಿಸಿದೆ.

ನಿಮ್ಮ
ಪ್ರಿಯದರ್ಶಿನಿ


ಭದ್ರಾವತಿ
೨೮ ನವೆಂಬರ್ ೨೦೨೩

ಮಗಾ ಪ್ರಿಯದರ್ಶಿನಿ,

ನಿನ್ನ ತಂದೆ ಇಲ್ಲಿಯೇ ಇದ್ದರು.

ಎಲ್ಲರೂ ಹೊರಟ ಮೇಲೆ ಹಾಲೇಶನನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದರು. ಕೈಕಾಲೆಲ್ಲ ಮಣ್ಣು. ನನಗೆ ಕಿವಿ ಕೇಳುವುದಿಲ್ಲವೆಂದು ಹಾಲೇಶ ಹೇಳಿದ್ದಿರಬೇಕು. ನಿಧಾನವಾಗಿ ತುಟಿ ಆಡಿಸಿದರು. ತೋರಿಸಿ ಎಂದರು. ನಾನು ಕೋಲು ಹಿಡಿದು ಮುಂದೆ ಹೋದೆ. ಐವತ್ತು ವರ್ಷ ಬೇಲಿಯಾಚೆಯಿಂದ ನೋಡಿದವಳು ಅವತ್ತು ಒಳಗೆ ಹೋದೆ. ಯಾರೂ ತಡೆಯಲಿಲ್ಲ.

ಸುಣ್ಣದ ಗೆರೆಯನ್ನು ಅವರೇ ಅಂಗೈಯಿಂದ ಒರೆಸಿದರು. ಸಮಿತಿಯ ಫಾರಂ ಜೇಬಿನಲ್ಲಿತ್ತು. ಅಲ್ಲಿಯೇ ಮೊಣಕಾಲಿನ ಮೇಲಿಟ್ಟುಕೊಂಡು ತುಂಬಿದರು. ಹೆಸರು, ದಾಕ್ಷಾಯಣಮ್ಮ. ಸಂಬಂಧ, ತಾಯಿ. ಸಹಿ ಹಾಕಿ ಹಾಲೇಶನ ಕೈಗೆ ಕೊಟ್ಟರು. ಅದು ಸಮಿತಿಗೆ ತಲುಪಿದೆ. ಆ ಜಾಗವನ್ನು ಇನ್ನು ಯಾರೂ ಅಗೆಯುವಂತಿಲ್ಲ.

ಈಗ ನಾನು ನಿನಗೆ ಬರೆಯದೆ ಬಿಟ್ಟದ್ದನ್ನು ಬರೆಯಬೇಕು. ನಿನ್ನ ತಾತನ ಮೇಲಿನ ತಪ್ಪನ್ನೆಲ್ಲ ಬರೆದೆ, ನನ್ನದನ್ನು ಬಿಟ್ಟೆ.

ದಾಕ್ಷಾಯಣಮ್ಮ ತೀರಿದ ದಿನ ಸಂಜೆ ನಾಲ್ಕೂವರೆಗೆ ಬಂದಾಗ ನಿನ್ನ ತಾತನ ಕಂಕುಳಲ್ಲಿ ಮಗು ಇತ್ತು. ಮನೆಯಲ್ಲಿ ನೋಡಿಕೊಳ್ಳುವವರಿರಲಿಲ್ಲವೋ, ತೋರಿಸಲೆಂದೇ ತಂದರೋ. ಗಂಡಸರು ಹೊರಗೆ ಮಂಡಿಯ ವಿಷಯ ಜಗಳವಾಡುತ್ತಿದ್ದರು. ಮಗು ಒಳಗೆ ಬಂದು ಚಾಪೆಯ ಪಕ್ಕ ನಿಂತಿತು. “ಅಮ್ಮ ಯಾಕೆ ಏಳ್ತಿಲ್ಲ?” ಎಂದು ನನ್ನನ್ನು ಕೇಳಿತು. ನಾನು ಇಪ್ಪತ್ತೆರಡು ವರ್ಷದವಳು. “ಸುಸ್ತಾಗಿದೆ ಮಗಾ, ಮಲಗಿದಾರೆ. ಆಮೇಲೆ ಏಳ್ತಾರೆ” ಎಂದೆ. “ಹಾಗಾದ್ರೆ ಕಾಯ್ತೀನಿ” ಎಂದು ಅಲ್ಲಿಯೇ ಚಕ್ಕಳಮಕ್ಕಳ ಹಾಕಿ ಕುಳಿತಿತು. ಹೊರಗೆ ಎತ್ತಿಕೊಂಡು ಹೋಗುವಾಗ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಕಿರುಚಿತು. ಆಗ ನನಗೆ ಕಿವಿ ಕೇಳಿಸುತ್ತಿತ್ತು.

ಮೊನ್ನೆ ಹದಿನಾಲ್ಕರಂದು ದಿಬ್ಬದ ಪಕ್ಕ ನಿಂತು ನಿನ್ನ ತಂದೆ ನನ್ನ ಕಡೆ ತಿರುಗಿದರು. ಒಂದು ಕೋಣೆ ನೆನಪಿದೆ, ಹೊಲಿಗೆ ಮೆಷಿನ್ನು ನೆನಪಿದೆ, ಅದನ್ನು ಇಷ್ಟು ದಿನ ಕನಸೆಂದುಕೊಂಡಿದ್ದೆ ಎಂದರು. ಆ ಮೇಲೆ ಕೇಳಿದರು. ತುಟಿ ಓದಲು ಕಷ್ಟವಾಗಲಿಲ್ಲ. “ಆಮೇಲೆ ಏಳ್ತಾರೆ ಅಂದಿದ್ದು ಯಾರು?”

“ನಾನೇ” ಎಂದೆ.

ಅವರು ಚಪ್ಪಲಿ ಬಿಟ್ಟು, ಕಾಲು ಮಡಚಿ ಅಲ್ಲಿಯೇ ಕುಳಿತರು. ನೀರು ತಂದುಕೊಟ್ಟೆ, ಕುಡಿಯಲಿಲ್ಲ. ಸಂಜೆ ಕೆಲಸ ಮುಗಿಸಿದವರು ರಸ್ತೆಯಲ್ಲಿ ಹಾದುಹೋದರು. ಹಾಲೇಶ ಗೇಟು ಹಾಕಬೇಕೆಂದು ಎರಡು ಸಲ ಹೋಗಿ ನೋಡಿ ಬಂದ. ಇರಲಿ ಬಿಡು ಎಂದೆ. ಕತ್ತಲಾಗಿ ಕಣ್ಣು ಕಾಣದಾಗುವವರೆಗೂ ಅವರು ಕಾದರು.

ಶೇಷಮ್ಮ